ಗಾಳದ ಕೋಲಿಗೆ ದಾರದ ಚಿತ್ತಾರ: ನೇಯಬೇಕಾ, ಸುತ್ತಬೇಕಾ?

ಕೈಯಲ್ಲೇ ಕಟ್ಟಿದ ಗಾಳದ ಕೋಲುಗಳಲ್ಲಿ ಹಿಡಿಯ ಮುಂದಿನ ಒಂದು ಗೇಣು ಜಾಗವನ್ನು ನೋಡಬೇಕು. ಕಟ್ಟಿದವರ ಕೈಚಳಕವೆಲ್ಲ ಅಲ್ಲೇ ಇರುತ್ತದೆ. ಒಂದರಲ್ಲಿ ಸಾಲು ಸಾಲು ವಜ್ರ, ಇನ್ನೊಂದರಲ್ಲಿ ನೆಗೆಯುವ ಮೀನು, ಮತ್ತೊಂದರಲ್ಲಿ ಕೋಲಿನ ಒಡೆಯರ ಹೆಸರು. ಬಣ್ಣ ಬಳಿದಿಲ್ಲ, ಸ್ಟಿಕ್ಕರ್ ಅಂಟಿಸಿಲ್ಲ, ಎಲ್ಲಾ ಬರೀ ದಾರ. ಅದರ ಮೇಲೆ ಗಾಜಿನಂತೆ ಹೊಳೆಯುವ ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿ ಹಚ್ಚಿದರೆ ಗಟ್ಟಿಯಾಗುವ ಲೇಪ.

ಇದನ್ನು ಕಲಿಯಬೇಕು ಎಂದು ಹೊರಟವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಕ್ರಾಸ್ ರ‍್ಯಾಪ್, ಅಂದರೆ ದಾರವನ್ನು ಓರೆಯಾಗಿ ಸುತ್ತಿ ಆಕಾರ ಬರಿಸುವುದು. ಇನ್ನೊಂದು ನೇಯ್ಗೆ, ಅಂದರೆ ಹಾಸು ಹೊಕ್ಕು ಹಾಕಿ ಚಿತ್ರ ತೆಗೆಯುವುದು. ಕ್ರಾಸ್ ರ‍್ಯಾಪ್ ಸುಲಭ, ನೇಯ್ಗೆ ಕಷ್ಟ, ಅದನ್ನು ಆಮೇಲೆ ನೋಡಿಕೊಳ್ಳೋಣ ಎನ್ನುವ ಮಾತು ಎಲ್ಲಾ ಕಡೆ ಕೇಳಿಬರುತ್ತದೆ. ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. ನೇಯ್ಗೆಗೆ ಹೊತ್ತು ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಒಂದೊಂದು ಸಾಲೂ ಸರಳ, ತಪ್ಪಿದರೆ ಬಿಚ್ಚಬಹುದು. ಕ್ರಾಸ್ ರ‍್ಯಾಪ್ ಬೇಗ ಮುಗಿಯುತ್ತದೆ, ಆದರೆ ಶುರುವಿನಲ್ಲೇ ಕರಾರುವಾಕ್ಕಾದ ಅಳತೆ ಕೇಳುತ್ತದೆ. ಅಲ್ಲಿ ತಪ್ಪಿದ್ದು ಕೊನೆಯವರೆಗೂ ಕಾಡುತ್ತದೆ. ಹಾಗಾಗಿ ಯಾವುದು ಸುಲಭ ಎಂದು ಕೇಳುವುದರ ಬದಲು, ನಿಮ್ಮ ಸ್ವಭಾವಕ್ಕೆ ಯಾವುದು ಒಗ್ಗುತ್ತದೆ ಎಂದು ಕೇಳಿಕೊಳ್ಳಿ.

ಎರಡಕ್ಕೂ ಮೊದಲು ಸಾದಾ ಸುತ್ತು

ಬ್ಲಾಂಕ್ ಅಂದರೆ ಹಿಡಿ, ಗೈಡ್ (ಗಾಳದ ದಾರ ಹಾಯುವ ಉಂಗುರ) ಏನೂ ಕೂರಿಸದ ಬರೀ ಕೋಲು. ಅದರ ಮೇಲೆ ದಾರವನ್ನು ಸಂದು ಬಿಡದೆ, ಒಂದರ ಮೇಲೊಂದು ಹತ್ತದಂತೆ, ಒತ್ತೊತ್ತಾಗಿ ಸುತ್ತಲು ಬರಬೇಕು. ಶುರುವಿನಲ್ಲಿ ದಾರದ ತುದಿಯನ್ನು ಅದರದೇ ಸುತ್ತುಗಳ ಕೆಳಗೆ ಸಿಕ್ಕಿಸುತ್ತಾರೆ. ಮುಗಿಸಲು ಇನ್ನು ಎಂಟು ಹತ್ತು ಸುತ್ತು ಇದೆ ಎನ್ನುವಾಗ ಬೇರೊಂದು ದಾರದ ಕುಣಿಕೆಯನ್ನು ಅಡ್ಡ ಇಟ್ಟು ಅದರ ಮೇಲೆ ಸುತ್ತಬೇಕು. ಆಮೇಲೆ ದಾರ ಕತ್ತರಿಸಿ, ತುದಿಯನ್ನು ಕುಣಿಕೆಗೆ ತೂರಿಸಿ, ಕುಣಿಕೆ ಎಳೆದರೆ ತುದಿ ಸುತ್ತುಗಳ ಅಡಿಗೆ ಹೋಗಿ ಕೂರುತ್ತದೆ. ಎಲ್ಲೂ ಗಂಟಿಲ್ಲ. ಗೈಡ್‌ಗಳನ್ನು ಕಟ್ಟುವುದೂ ಹೀಗೆಯೇ. ಇಷ್ಟು ಬಂದರೆ ಮುಂದಿನ ಎರಡೂ ದಾರಿ ತೆರೆದ ಹಾಗೆ. ಇದು ಬರದೆ ಚಿತ್ತಾರಕ್ಕೆ ಕೈ ಹಾಕಬೇಡಿ. ಚಿತ್ತಾರದ ಎರಡೂ ಕೊನೆಗಳನ್ನು ಹಿಡಿದಿಡುವುದು ಈ ಸಾದಾ ಸುತ್ತೇ.

ಕ್ರಾಸ್ ರ‍್ಯಾಪ್: ಮೊದಲ ಎಳೆಯಲ್ಲೇ ಎಲ್ಲಾ ಇದೆ

ದಾರ ಕೋಲಿನ ಮೇಲೆ ಓರೆಯಾಗಿ ಸುರುಳಿ ಸುತ್ತುತ್ತಾ ಮುಂದೆ ಹೋಗುತ್ತದೆ, ಅದೇ ಓರೆಯಲ್ಲಿ ವಾಪಸ್ ಬರುತ್ತದೆ. ಹೋಗುವ ಎಳೆ, ಬರುವ ಎಳೆ ಕೂಡುವ ಕಡೆ ಕತ್ತರಿ ಬೀಳುತ್ತದೆ. ಆ ಕತ್ತರಿಯ ಪಕ್ಕಕ್ಕೆ ಇನ್ನೊಂದು ಎಳೆ, ಅದರ ಪಕ್ಕ ಮತ್ತೊಂದು. ಬಣ್ಣ ಬದಲಿಸುತ್ತಾ ಹೋದ ಹಾಗೆ ಪ್ರತಿ ಕತ್ತರಿಯ ಸುತ್ತ ಒಂದು ವಜ್ರ ಬೆಳೆಯುತ್ತದೆ. ಒಂದು ಸುತ್ತಿಗೆ ಎರಡು ಕತ್ತರಿ, ಕೋಲಿನ ಈ ಮಗ್ಗುಲಲ್ಲಿ ಒಂದು, ಆ ಮಗ್ಗುಲಲ್ಲಿ ಒಂದು. ಕತ್ತರಿಗಳು ಬೀಳುವ ಸಾಲಿಗೆ ಅಕ್ಷ ಎನ್ನುತ್ತಾರೆ, ಹಾಗಾಗಿ ಇದು ಎರಡು ಅಕ್ಷದ ಚಿತ್ತಾರ. ನಾಲ್ಕು ಅಕ್ಷದ್ದೂ ಇದೆ, ಅದು ಮೊದಲ ಕೋಲಿಗೆ ಬೇಡ.

ಕತ್ತರಿಗಳ ನಡುವಿನ ಅಂತರವೇ ಇಲ್ಲಿ ಜೀವಾಳ. ವಜ್ರ ಚಚ್ಚೌಕವಾಗಿ ಬರಬೇಕು ಅಂದರೆ ದಾರ 45 ಡಿಗ್ರಿ ಓರೆಯಲ್ಲಿ ಹೋಗಬೇಕು. ಆ ಓರೆಯಲ್ಲಿ ಒಂದು ಪೂರ್ತಿ ಸುತ್ತಿಗೆ ದಾರ ಮುಂದೆ ಸಾಗುವ ದೂರ ಕೋಲಿನ ಸುತ್ತಳತೆಯಷ್ಟೇ ಇರುತ್ತದೆ. 12 ಮಿ.ಮೀ. ದಪ್ಪದ ಕೋಲಿಗೆ ಸುತ್ತಳತೆ ಸುಮಾರು 38 ಮಿ.ಮೀ., ಅಂದರೆ ಒಂದೇ ಮಗ್ಗುಲಿನ ಕತ್ತರಿಗಳು 38 ಮಿ.ಮೀ.ಗೆ ಒಂದರಂತೆ ಬೀಳಬೇಕು. 10 ಮಿ.ಮೀ. ದಪ್ಪ ಇದ್ದರೆ 31. ಅಂತರ ಹೆಚ್ಚಿಸಿದರೆ ವಜ್ರ ಉದ್ದುದ್ದ ಆಗುತ್ತದೆ. ಕೆಲವರಿಗೆ ಅದೇ ಚೆಂದ.

ಇಲ್ಲೇ ತಾಪತ್ರಯ ಇರುವುದು. ಗಾಳದ ಕೋಲು ತುದಿಗೆ ಹೋದ ಹಾಗೆ ಸಣ್ಣಗಾಗುತ್ತದೆ. ಹಾಗಾಗಿ ಅಂತರವೂ ಒಂದೊಂದೇ ಕತ್ತರಿಗೆ ಅಷ್ಟಷ್ಟು ಕಮ್ಮಿಯಾಗುತ್ತಾ ಹೋಗಬೇಕು. ಎಲ್ಲಾ ಕಡೆ 38 ಎಂದು ಗುರುತು ಹಾಕಿದರೆ ಹಿಡಿಯ ಹತ್ತಿರ ಚೌಕಾಕಾರದ ವಜ್ರ ಬರುತ್ತದೆ, ಮುಂದೆ ಹೋದ ಹಾಗೆ ಎಳೆದಂತಾದ ವಜ್ರ. ಪರಿಹಾರ ಸರಳ. ಪ್ರತಿ ಕತ್ತರಿ ಬೀಳುವ ಕಡೆ ದಪ್ಪ ಅಳೆದು, ಅಲ್ಲಿಂದ ಮುಂದಿನ ಅಂತರ ಲೆಕ್ಕ ಹಾಕಿ. ಒಂದು ಕ್ಯಾಲಿಪರ್ ಮತ್ತು ಮಾಸ್ಕಿಂಗ್ ಟೇಪ್ ಇದ್ದರೆ ಸಾಕು.

ಎದುರು ಬದುರು ಅಕ್ಷ ಗುರುತಿಸಲು ಒಂದು ಉಪಾಯ. ಕಾಗದದ ಸಣ್ಣ ಪಟ್ಟಿಯನ್ನು ಕೋಲಿಗೆ ಒಂದು ಸುತ್ತು ಸುತ್ತಿ, ತುದಿ ಸೇರುವ ಕಡೆ ಗೆರೆ ಹಾಕಿ. ಬಿಚ್ಚಿ, ಆ ಗೆರೆಯವರೆಗೆ ಸರಿಯಾಗಿ ಅರ್ಧಕ್ಕೆ ಮಡಚಿ. ಮಡಿಕೆ ಬಿದ್ದದ್ದೇ ಆಚೆ ಮಗ್ಗುಲು. ಕೋಲು ಸಣ್ಣಗಾಗುವುದರಿಂದ ಇದನ್ನು ಚಿತ್ತಾರದ ಎರಡೂ ಕೊನೆಯಲ್ಲಿ ಬೇರೆ ಬೇರೆಯಾಗಿ ಮಾಡಬೇಕು.

ಮೊದಲ ಎಳೆ ಅರ್ಧ ಮಿ.ಮೀ. ಆಚೀಚೆ ಆದರೆ ಏನಾಗುತ್ತದೆ? ಆಗ ಗೊತ್ತೇ ಆಗುವುದಿಲ್ಲ. ಎರಡನೇ ಎಳೆ ಅದಕ್ಕೆ ಒತ್ತಿಕೊಂಡೇ ಕೂರುತ್ತದೆ, ಮೂರನೆಯದು ಎರಡನೆಯದಕ್ಕೆ. ಪ್ರತಿ ಹೊಸ ಬಣ್ಣವೂ ಆ ತಪ್ಪಿಗೆ ಇನ್ನೊಂದು ಅಂಚು ಕಟ್ಟುತ್ತದೆ. ಇಪ್ಪತ್ತು ಎಳೆ ಆಗುವ ಹೊತ್ತಿಗೆ ಸಾಲಿನಲ್ಲಿ ಒಂದು ವಜ್ರ ಮಾತ್ರ ಸೊಟ್ಟಗೆ ನಿಂತಿರುತ್ತದೆ. ಆಗ ಸರಿ ಮಾಡಬೇಕು ಅಂದರೆ ಇಪ್ಪತ್ತೂ ಬಿಚ್ಚಬೇಕು. ಅದಕ್ಕೇ ಅನುಭವ ಇರುವವರು ಮೊದಲ ಎಳೆ ಹಾಕಿದ ಮೇಲೆ ಕೋಲನ್ನು ನಿಧಾನಕ್ಕೆ ತಿರುಗಿಸಿ, ತುದಿಯ ಕಡೆಯಿಂದ ಕಣ್ಣಿಟ್ಟು ನೋಡುತ್ತಾರೆ. ಎಳೆಯನ್ನು ನಯವಾದ ಪ್ಲಾಸ್ಟಿಕ್ ಕಡ್ಡಿಯಿಂದ ಅಷ್ಟಷ್ಟೇ ತಳ್ಳಿ ಕೂರಿಸುತ್ತಾರೆ. ಸುತ್ತುವುದಕ್ಕಿಂತ ಈ ನೋಡುವುದಕ್ಕೇ ಹೊತ್ತು ಜಾಸ್ತಿ ಹೋದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ.

ಕೊನೆಗೆ ಎರಡೂ ಬದಿಯಲ್ಲಿ ಟೇಪ್‌ಗೆ ಅಂಟಿಸಿದ ಎಳೆಗಳ ತುದಿಗಳ ಮೇಲೆ ಬಿಗಿಯಾಗಿ ಒಂದು ಸಾದಾ ಸುತ್ತು ಹಾಕಿ, ತುದಿಗಳನ್ನು ಕತ್ತರಿಸಿದರೆ ಮುಗಿಯಿತು. ಮೊದಲ ಸಲ ಅಡಿಯ ಬಣ್ಣ ಕಾಣುವಂತೆ ಸಂದು ಬಿಡುವ ತೆರೆದ ಚಿತ್ತಾರ ಹಾಕಿ. ಪೂರ್ತಿ ಮುಚ್ಚುವ ಚಿತ್ತಾರದಲ್ಲಿ ಎಲ್ಲಾ ಕಡೆ ಎಳೆ ಲೆಕ್ಕ ಒಂದಕ್ಕೊಂದು ತಾಳೆ ಆಗಲೇಬೇಕು.

ನೇಯ್ಗೆ: ಸಾಲು ಸಾಲಾಗಿ, ತಾಳ್ಮೆಯಿಂದ

ನೇಯ್ಗೆಯಲ್ಲಿ ಹಾಸಿನ ಎಳೆಗಳು ಕೋಲಿನ ಉದ್ದಕ್ಕೆ ಪಕ್ಕಪಕ್ಕ ಮಲಗಿರುತ್ತವೆ. ಹೊಕ್ಕಿನ ದಾರ ಕೋಲಿಗೆ ಅಡ್ಡಲಾಗಿ ಸುತ್ತಿಕೊಳ್ಳುತ್ತದೆ. ಹೊಕ್ಕು ಯಾವ ಎಳೆಯ ಮೇಲೆ ಹೋಯಿತೋ ಆ ಎಳೆ ಮುಚ್ಚಿಹೋಗುತ್ತದೆ. ಯಾವ ಎಳೆಯ ಕೆಳಗೆ ಹೋಯಿತೋ ಅದು ಕಾಣುತ್ತದೆ. ಹೊಕ್ಕಿನ ಬಣ್ಣವೇ ಹಿನ್ನೆಲೆ, ಹಾಸಿನ ಬಣ್ಣವೇ ಚಿತ್ರ. ಇಷ್ಟೇ ಇದರ ಗುಟ್ಟು.

ಮಾಡುವ ಬಗೆ ಹೀಗೆ. ಒಂದು ಸೆಂ.ಮೀ. ಸಾದಾ ಸುತ್ತು ಹಾಕಿ. ಹಾಸಿನ ಎಳೆಗಳನ್ನು ಒತ್ತೊತ್ತಾಗಿ ಜೋಡಿಸಿ ಟೇಪ್‌ನಲ್ಲಿ ಹಿಡಿಸಿ, ಅವುಗಳ ಮೇಲೆ ಇನ್ನೂ ಕೆಲವು ಸುತ್ತು ಹಾಕಿ ಬಂಧಿಸಿ. ಈಗ ಚೌಕುಳಿ ಕಾಗದದಲ್ಲಿ ಬರೆದುಕೊಂಡ ಚಿತ್ರದ ನಕ್ಷೆಯ ಮೊದಲ ಸಾಲು ನೋಡಿ. ಅದರಲ್ಲಿ ಕಾಣಬೇಕಾದ ಎಳೆಗಳನ್ನಷ್ಟೇ ಸೂಜಿಯಿಂದ ಎತ್ತಿ, ಸುತ್ತಿ ಆಗಿರುವ ಕಡೆಗೆ ಮಡಚಿ. ಕೋಲನ್ನು ಒಂದು ಸುತ್ತು ತಿರುಗಿಸಿ. ಹೊಕ್ಕು ಉಳಿದ ಎಳೆಗಳನ್ನು ಮುಚ್ಚಿಕೊಂಡು ಬರುತ್ತದೆ. ಮಡಚಿದ್ದ ಎಳೆಗಳನ್ನು ವಾಪಸ್ ಮುಂದಕ್ಕೆ ತಂದು ನೇರ ಮಾಡಿ. ಅವು ಈ ಸುತ್ತಿನ ಮೇಲೆ ಕೂತಿವೆ, ಅಂದರೆ ಕಾಣುತ್ತಿವೆ. ಎರಡನೇ ಸಾಲಿಗೆ ಹೋಗಿ.

ಒಂದು ಎಚ್ಚರಿಕೆ. ಒಂದೇ ಎಳೆ ಬಹಳ ಸಾಲುಗಳವರೆಗೆ ಮೇಲೇ ಉಳಿದರೆ ಅದನ್ನು ಹಿಡಿದಿಡುವವರು ಯಾರೂ ಇಲ್ಲ. ಅದು ಸಡಿಲವಾಗಿ ಎದ್ದು ನಿಲ್ಲುತ್ತದೆ, ಪಕ್ಕಕ್ಕೆ ಜಾರುತ್ತದೆ. ದೊಡ್ಡ ಒಂದೇ ಬಣ್ಣದ ಜಾಗ ಇರುವ ಚಿತ್ರದಲ್ಲಿ ಇದು ಖಂಡಿತ ಬರುತ್ತದೆ. ಆಗ ನಡುನಡುವೆ ಒಂದು ಸುತ್ತನ್ನು ಆ ಎಳೆಯ ಮೇಲೂ ಹಾಯಿಸಿ ಕಟ್ಟಿಹಾಕಬೇಕು. ಪಕ್ಕಪಕ್ಕದ ಎಳೆಗಳನ್ನು ಒಂದೇ ಸಾಲಿನಲ್ಲಿ ಕಟ್ಟಿದರೆ ಅಡ್ಡ ಗೆರೆ ಕಾಣುತ್ತದೆ. ಬೇರೆ ಬೇರೆ ಸಾಲಿಗೆ ಹಂಚಿದರೆ ಕಣ್ಣಿಗೆ ಬೀಳುವುದಿಲ್ಲ.

ಹೆಸರು ನೇಯಬೇಕು ಅಂದುಕೊಳ್ಳಿ. ಸಾಮಾನ್ಯ ರೋಮನ್ ಅಕ್ಷರ 7 ಚುಕ್ಕಿ ಎತ್ತರ, 5 ಚುಕ್ಕಿ ಅಗಲದಲ್ಲಿ ಓದಿಸಿಕೊಳ್ಳುತ್ತದೆ. ಎ ಸೈಜ್ ದಾರ ಸುಮಾರು 0.15 ಮಿ.ಮೀ. ದಪ್ಪ. ಒಂದು ಚುಕ್ಕಿಗೆ ಒಂದೇ ಎಳೆ ಅಂದರೆ ಅಕ್ಷರ ಒಂದು ಮಿ.ಮೀ. ಎತ್ತರ, ಭೂತಗನ್ನಡಿ ಬೇಕು! ಒಂದು ಚುಕ್ಕಿಗೆ 3 ಎಳೆ, 3 ಸುತ್ತು ಎಂದು ಇಟ್ಟುಕೊಳ್ಳಿ. ಆಗ 21 ಹಾಸಿನ ಎಳೆ, ಅಕ್ಷರದ ಎತ್ತರ 3 ಮಿ.ಮೀ.ಗಿಂತ ತುಸು ಹೆಚ್ಚು. ಅಕ್ಷರಗಳ ನಡುವಿನ ಜಾಗವೂ ಸೇರಿ ಆರು ಅಕ್ಷರದ ಹೆಸರಿಗೆ 108 ಸುತ್ತು, ಉದ್ದ 16 ಮಿ.ಮೀ. ಚೊಚ್ಚಲ ಕೆಲಸಕ್ಕೆ ಇದು ಒಳ್ಳೆಯ ಅಳತೆ. ಕನ್ನಡದಲ್ಲಿ ಬರೆಯುವುದಾದರೆ ಇಷ್ಟು ಚುಕ್ಕಿ ಸಾಲುವುದಿಲ್ಲ. ನಮ್ಮ ಅಕ್ಷರಗಳು ದುಂಡಗೆ, ಮೇಲೆ ಗುಣಿತ, ಕೆಳಗೆ ಒತ್ತು. ಅದಕ್ಕೆ ದುಪ್ಪಟ್ಟು ಚುಕ್ಕಿಯಾದರೂ ಬೇಕು. ಒತ್ತಕ್ಷರ ಇಲ್ಲದ ಹೆಸರಿನವರು ಇಲ್ಲಿ ಅದೃಷ್ಟವಂತರು.

ಹೊತ್ತು? ಒಂದು ಸಾಲಿಗೆ ಒಂದು ನಿಮಿಷ ಎಂದು ಹಿಡಿದರೂ 300 ಸಾಲಿನ ಮೀನಿಗೆ 5 ಗಂಟೆ. ಹೊಸಬರಿಗೆ ಒಂದು ನಿಮಿಷದಲ್ಲಿ ಸಾಲು ಮುಗಿಯುವುದೂ ಇಲ್ಲ. ಆದರೆ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹೊಕ್ಕಿನ ದಾರ ಸಡಿಲ ಆಗದಂತೆ ಟೇಪ್ ಅಂಟಿಸಿ, ಯಾವ ಸಾಲಿನಲ್ಲಿದ್ದೀರಿ ಎಂದು ನಕ್ಷೆಯ ಮೇಲೆ ಗುರುತು ಹಾಕಿ ಎದ್ದು ಹೋಗಿ. ತಪ್ಪಾಯಿತು ಅಂದರೆ ಕೋಲನ್ನು ಹಿಂದಕ್ಕೆ ತಿರುಗಿಸುತ್ತಾ ಒಂದೊಂದೇ ಸಾಲು ಬಿಚ್ಚಿ. ತಪ್ಪಿದ ಸಾಲಿನಾಚೆಗೆ ಏನೂ ಕೆಡುವುದಿಲ್ಲ. ಕ್ರಾಸ್ ರ‍್ಯಾಪ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಎರಡಕ್ಕಿಂತ ಜಾಸ್ತಿ ಬಣ್ಣ ಬೇಕಾದರೆ ಒಂದೇ ಜಾಗಕ್ಕೆ ಎರಡು ಬಣ್ಣದ ಹಾಸು ಜೋಡಿಯಾಗಿ ಇಟ್ಟು, ಬೇಕಾದದ್ದನ್ನು ಎತ್ತುತ್ತಾರೆ. ಅಡಗಿರುವ ಎಳೆಗಳೆಲ್ಲ ಕೆಳಗೇ ಉಳಿಯುವುದರಿಂದ ಆ ಜಾಗ ಉಬ್ಬುತ್ತದೆ. ಮೊದಲ ಚಿತ್ರಕ್ಕೆ ಎರಡೇ ಬಣ್ಣ ಸಾಕು.

ಹಾಗಾದರೆ ನಿಮಗೆ ಯಾವುದು?

ಅಳೆಯುವುದು, ಗುರುತು ಹಾಕುವುದು, ಸಮ ಬರುವವರೆಗೆ ಬಿಡದೆ ಸರಿ ಮಾಡುವುದು ಇಷ್ಟ ಇದೆಯಾ? ಒಂದೇ ಕೂತಲ್ಲಿ ಕೆಲಸ ಮುಗಿದು ಕಾಣಬೇಕಾ? ಕ್ರಾಸ್ ರ‍್ಯಾಪ್ ಹಿಡಿಯಿರಿ. ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ, ಅದೂ ಯಾರಾದರೂ ಕರೆದರೆ ಏಳಬೇಕು ಅನ್ನುವವರಿಗೆ ನೇಯ್ಗೆಯೇ ಸರಿ. ಎಂಬ್ರಾಯ್ಡರಿ, ಕ್ರಾಸ್ ಸ್ಟಿಚ್ ಮಾಡಿ ಗೊತ್ತಿರುವವರಿಗೂ ಅಷ್ಟೇ. ಚೌಕುಳಿ ನಕ್ಷೆ ಓದುವ ಅಭ್ಯಾಸ ಅವರಿಗೆ ಆಗಲೇ ಇದೆ.

ಬೇಕಾದ ಚಿತ್ರವೂ ನಿಮ್ಮ ಪರವಾಗಿ ತೀರ್ಮಾನ ಮಾಡುತ್ತದೆ. ಹೆಸರು, ಮೀನು, ಹಕ್ಕಿ, ಲಾಂಛನ ಇಂಥವು ಬೇಕಾದರೆ ನೇಯ್ಗೆ ಬಿಟ್ಟರೆ ಗತಿ ಇಲ್ಲ. ಕೋಲು ಹೇಗೆ ತಿರುಗಿಸಿದರೂ ಎಲ್ಲಾ ಕಡೆ ಚಿತ್ತಾರ ಕಾಣಬೇಕು ಅಂದರೆ ಕ್ರಾಸ್ ರ‍್ಯಾಪ್. ನೇಯ್ದ ಚಿತ್ರ ಒಂದೇ ಮಗ್ಗುಲಿನದು. ಒಂದೇ ನೋಟಕ್ಕೆ ಸಿಗುವುದು ಸುತ್ತಳತೆಯ ಮೂರನೇ ಒಂದು ಭಾಗ ಅಂದುಕೊಳ್ಳಿ. 12 ಮಿ.ಮೀ. ಕೋಲಿನಲ್ಲಿ ಅದು 12-13 ಮಿ.ಮೀ. ಲೆಕ್ಕದಲ್ಲಿ ಎ ಸೈಜ್‌ನ 80 ಎಳೆ ಅಷ್ಟರಲ್ಲಿ ಕೂರಬೇಕು. ನಿಜದಲ್ಲಿ ಅಷ್ಟು ಕೂರುವುದಿಲ್ಲ, ಎಳೆಗಳ ನಡುವೆ ಹೊಕ್ಕು ಇಳಿಯಲು ಜಾಗ ಬೇಕು. ತೆಳ್ಳನೆಯ ಕೋಲಿಗೆ ದೊಡ್ಡ ಚಿತ್ರದ ಆಸೆ ಬಿಡಿ.

ಇವೆರಡೂ ಸದ್ಯಕ್ಕೆ ಬೇಡ ಅನ್ನಿಸಿದರೆ ಟೈಗರ್ ರ‍್ಯಾಪ್ ಇದೆ. ಅಡಿಯಲ್ಲಿ ತಿಳಿ ಮತ್ತು ಗಾಢ ಎರಡು ಬಣ್ಣದ ದಾರ ಒಟ್ಟಿಗೇ ಸುತ್ತಿ, ಎಪಾಕ್ಸಿ ಹಚ್ಚಿ ಗಟ್ಟಿಯಾಗಲು ಬಿಡುತ್ತಾರೆ. ಅದರ ಮೇಲೆ ಮತ್ತೆ ಎರಡು ದಾರ ಒಟ್ಟಿಗೆ ಸುತ್ತಿ, ಆಮೇಲೆ ಒಂದನ್ನು ಎಳೆದು ತೆಗೆಯುತ್ತಾರೆ. ಮೇಲುಳಿದ ಎಳೆ ಎಪಾಕ್ಸಿ ಕುಡಿದು ಪಾರದರ್ಶಕ ಆಗುತ್ತದೆ. ಕೆಳಗಿನ ಗೆರೆಗಳೂ ಮೇಲಿನ ಗೆರೆಗಳೂ ಒಂದರೊಳಗೊಂದು ಸೇರಿ, ಕೋಲು ತಿರುಗಿಸಿದಾಗ ಪಟ್ಟೆಗಳು ಹರಿದಾಡುವ ಹಾಗೆ ಕಾಣುತ್ತದೆ. ನಕ್ಷೆ ಬೇಡ, ಅಳತೆ ಬೇಡ. ಬೇಕಾದದ್ದು ಒಪ್ಪವಾದ ಸಾದಾ ಸುತ್ತು ಮಾತ್ರ. ಸಾದಾ ಸುತ್ತು ರೂಢಿ ಆಗಲಿ ಎಂದು ನಾನು ಯಾರಿಗಾದರೂ ಹೇಳುವುದಾದರೆ ಇದನ್ನೇ ಹೇಳುತ್ತೇನೆ. ಗರಿ ಇಟ್ಟು ಎಪಾಕ್ಸಿ ಹಾಕುವುದು, ಬಣ್ಣ ಕಲಸಿದ ಎಪಾಕ್ಸಿ ಹರಿಸಿ ಅಮೃತಶಿಲೆಯ ಹಾಗೆ ಕಾಣಿಸುವುದು ಇವೂ ಇವೆ. ಚೆನ್ನಾಗಿಯೇ ಕಾಣುತ್ತವೆ. ಆದರೆ ದಾರದ ಕೆಲಸ ಅವುಗಳಿಂದ ಬರುವುದಿಲ್ಲ.

ದಾರ: ಎ ಸೈಜಾ, ಡಿ ಸೈಜಾ?

ಎ ಸಣ್ಣದು, ಡಿ ದಪ್ಪ, ಸುಮಾರು 0.25 ಮಿ.ಮೀ. ಕ್ರಾಸ್ ರ‍್ಯಾಪ್‌ಗೆ ಹೊಸಬರು ಡಿ ತೆಗೆದುಕೊಳ್ಳುವುದು ಒಳ್ಳೆಯದು. ಜಾಗ ಬೇಗ ತುಂಬುತ್ತದೆ, ಎಳೆ ಕಣ್ಣಿಗೆ ಕಾಣುತ್ತದೆ, ಕಡ್ಡಿಯಿಂದ ತಳ್ಳಿದರೆ ಮಾತು ಕೇಳುತ್ತದೆ. ಕೈ ಕುದುರಿದ ಮೇಲೆ ಎ. ನೇಯ್ಗೆಗೆ ಸಾಮಾನ್ಯವಾಗಿ ಎ ಸೈಜೇ, ಇಲ್ಲದಿದ್ದರೆ ಚಿತ್ರ ಒರಟು.

ನೇಯ್ಗೆಯಲ್ಲಿ ಎರಡು ಸೈಜ್ ಬೆರೆಸುವವರು ಒಂದು ಲೆಕ್ಕ ಮರೆಯಬಾರದು. ಹಾಸು ಡಿ, ಹೊಕ್ಕು ಎ ಅಂದುಕೊಳ್ಳಿ. ನಕ್ಷೆಯಲ್ಲಿ 20 ಮನೆ ಉದ್ದ, 20 ಮನೆ ಅಗಲದ ಚೌಕ ಕೋಲಿನ ಮೇಲೆ 5 ಮಿ.ಮೀ. ಅಗಲ, 3 ಮಿ.ಮೀ. ಉದ್ದ ಬರುತ್ತದೆ. ವೃತ್ತ ಚಪ್ಪಟೆ, ಮೀನು ಕುಳ್ಳ. ಸರಿಪಡಿಸಲು 3 ಎಳೆಗೆ 5 ಸಾಲು ಎಂಬ ಲೆಕ್ಕದಲ್ಲಿ ನಕ್ಷೆಯನ್ನು ಹಿಗ್ಗಿಸಬೇಕು. ಎರಡೂ ಒಂದೇ ಸೈಜ್ ಇದ್ದರೂ ಪೂರ್ತಿ ನಂಬಬೇಡಿ. ಬಿಗಿ ಎಷ್ಟಿದೆ, ಎಷ್ಟು ಒತ್ತಿ ಕೂರಿಸುತ್ತೀರಿ ಎನ್ನುವುದು ಒಬ್ಬೊಬ್ಬರದು ಒಂದೊಂದು ಥರ. ಮೊದಲು ಒಂದು ಸಣ್ಣ ಚೌಕ ನೇಯ್ದು ಸ್ಕೇಲ್ ಇಟ್ಟು ಅಳೆಯಿರಿ. ಬಂದ ಅನುಪಾತಕ್ಕೆ ನಕ್ಷೆ ತಿದ್ದಿಕೊಳ್ಳಿ.

ನೈಲಾನ್ ಹೊಸಬರ ಗೆಳೆಯ. ಸ್ವಲ್ಪ ಹಿಗ್ಗುತ್ತದೆ, ಚೆನ್ನಾಗಿ ಕೂರುತ್ತದೆ, ಬಣ್ಣಗಳೂ ಬೇಕಾದಷ್ಟು. ಮೆಟಾಲಿಕ್ ದಾರ ಹೊಳೆಯುತ್ತದೆ, ಆದರೆ ತಿರುಚಿಕೊಳ್ಳುತ್ತದೆ, ಮಡಚಿದ ಕಡೆ ಗುರುತು ಬೀಳುತ್ತದೆ. ನೇಯ್ಗೆಯಲ್ಲಿ ಹಾಸನ್ನು ಸಾಲು ಸಾಲಿಗೂ ಮಡಚಬೇಕಲ್ವಾ, ಅಲ್ಲಿಗೆ ಅದು ಬೇಡ. ಕ್ರಾಸ್ ರ‍್ಯಾಪ್‌ನಲ್ಲಿ ವಜ್ರದ ಅಂಚಿಗೆ ಒಂದೆರಡು ಎಳೆ ಹಾಕಿದರೆ ಮಿಂಚುತ್ತದೆ. ರೇಷ್ಮೆ ಬಿದಿರಿನ ಹಳೆಯ ಶೈಲಿಯ ಕೋಲು ಕಟ್ಟುವವರದು. ಅದು ವಾರ್ನಿಷ್ ಕುಡಿದು ಪಾರದರ್ಶಕ ಆಗುವುದನ್ನೇ ಅವರು ಬಯಸುತ್ತಾರೆ.

ಬಣ್ಣ ಉಳಿಸಬೇಕಾ, ಬಿಡಬೇಕಾ

ಸಾದಾ ನೈಲಾನ್ ದಾರಕ್ಕೆ ಎಪಾಕ್ಸಿ ತಾಗಿದ ಕೂಡಲೇ ಬಣ್ಣ ಗಾಢವಾಗುತ್ತದೆ, ದಾರ ಅರೆ ಪಾರದರ್ಶಕವಾಗುತ್ತದೆ. ಬಿಳಿ ದಾರ ಮಾಯವೇ ಆದಂತೆ, ಅಡಿಯ ಕೋಲು ಕಾಣುತ್ತದೆ. ಕಪ್ಪು ಮಾತ್ರ ಹಾಗೇ ಉಳಿಯುತ್ತದೆ. ಐದು ಗಂಟೆ ಕೂತು ನೇಯ್ದ ಬಿಳಿ ಮೀನು ಐದು ನಿಮಿಷದಲ್ಲಿ ಮಸುಕಾಗುವುದನ್ನು ನೋಡುವುದು ಯಾರಿಗೂ ಬೇಡ.

ತಪ್ಪಿಸಲು ಎರಡು ದಾರಿ. ಒಂದು, ಕಲರ್ ಪ್ರಿಸರ್ವರ್ ಹಚ್ಚುವುದು. ನೀರಿನಂಥ ದ್ರವ, ಎಳೆಗಳೊಳಗೆ ಇಳಿದು ಒಣಗಿ ಎಪಾಕ್ಸಿಗೆ ತಡೆ ಆಗುತ್ತದೆ. ಇನ್ನೊಂದು, ತಯಾರಿಕೆಯಲ್ಲೇ ಆ ಲೇಪ ಇರುವ ಎನ್‌ಸಿಪಿ ದಾರ ತರುವುದು. ಎನ್‌ಸಿಪಿ ಹಚ್ಚುವ ಗೋಜು ತಪ್ಪಿಸುತ್ತದೆ, ಆದರೆ ಬಣ್ಣ ಸ್ವಲ್ಪ ಮಂಕು. ನೈಲಾನ್ ಮೇಲೆ ಪ್ರಿಸರ್ವರ್ ಹಚ್ಚಿದರೆ ಹೊಳಪು ಉಳಿಯುತ್ತದೆ. ನೇಯ್ಗೆಗೆ ನನ್ನ ಓಟು ನೈಲಾನ್ ಮತ್ತು ಪ್ರಿಸರ್ವರ್‌ಗೆ. ಆದರೆ ನೇಯ್ದ ಜಾಗ ದಪ್ಪ ಇರುವುದರಿಂದ ಒಂದು ಸಲ ಹಚ್ಚಿದರೆ ಒಳಗಿನವರೆಗೆ ಇಳಿಯುವುದಿಲ್ಲ. ಎರಡು ಮೂರು ಸಲ ಹಚ್ಚಿ, ಪ್ರತಿ ಸಲವೂ ಪೂರ್ತಿ ಒಣಗಲು ಬಿಡಿ. ಒಂದು ಚುಕ್ಕೆ ಬಿಟ್ಟುಹೋದರೂ ಎಪಾಕ್ಸಿ ಹಚ್ಚಿದಾಗ ಅಲ್ಲೇ ಕಲೆ ಏಳುತ್ತದೆ. ಒಣಗದೆ ಎಪಾಕ್ಸಿ ಹಾಕಿದರೆ ಹಿಡಿತ ಇರುವುದಿಲ್ಲ.

ಇದನ್ನು ಚಿತ್ತಾರಕ್ಕೆ ಮಾತ್ರ ಬಳಸಿ. ಗೈಡ್ ಕಟ್ಟಿದ ಕಡೆ ಎಪಾಕ್ಸಿ ದಾರದೊಳಕ್ಕೆ ಇಳಿದರೇ ಗಟ್ಟಿ.

ಬಣ್ಣಗಳ ಜೋಡಿ ಆರಿಸುವಾಗ ದಾರದ ಉಂಡೆಗಳನ್ನು ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ನೇಯ್ದ ಮೇಲೆ ದೂರದಿಂದ ಚಿತ್ರ ಎದ್ದು ಕಾಣುವುದಿಲ್ಲ. ಕೆಂಪು, ಹಸಿರು ಅಂಗಡಿಯಲ್ಲಿ ಚೆಂದ ಕಾಣುತ್ತವೆ, ಈ ಪರೀಕ್ಷೆಯಲ್ಲಿ ಎಷ್ಟೋ ಸಲ ಫೇಲ್ ಆಗುತ್ತವೆ.

ಕೈ ಸ್ಟ್ಯಾಂಡ್, ಮೋಟರ್ ಸ್ಟ್ಯಾಂಡ್

ಕೋಲನ್ನು ಎರಡು ಕಡೆ ಆನಿಸುವ ಸ್ಟ್ಯಾಂಡ್, ದಾರಕ್ಕೆ ಬಿಗಿ ಕೊಡುವ ಸ್ಪ್ರಿಂಗ್. ಕಲಿಯಲು ಇಷ್ಟು ಸಾಕು. ಪೆಡಲ್ ಒತ್ತಿದರೆ ತಿರುಗುವ ಮೋಟರ್ ಸ್ಟ್ಯಾಂಡ್ ಗೈಡ್ ಕಟ್ಟುವವರಿಗೆ, ಅಡಿಸುತ್ತು ಹಾಕುವವರಿಗೆ ಹೊತ್ತು ಉಳಿಸುತ್ತದೆ. ಚಿತ್ತಾರದಲ್ಲಿ ಕೋಲು ತಿರುಗುವುದು ಹೇಗೂ ಕೈಯಲ್ಲೇ, ಒಂದೊಂದೇ ಸುತ್ತು. ನೇಯ್ಗೆಗೆ ಮೋಟರ್‌ಗಿಂತ ಮುಖ್ಯ ಬ್ರೇಕ್. ಎಳೆ ಎತ್ತುವಾಗ ಕೋಲು ತಾನಾಗಿ ಹಿಂದಕ್ಕೆ ಉರುಳಬಾರದು. ಆನಿಕೆಯ ಮೇಲೆ ಕೋಲಿಗೆ ಅಡ್ಡ ಒಂದು ರಬ್ಬರ್ ಬ್ಯಾಂಡ್ ಹಾಕಿದರೂ ಆಗುತ್ತದೆ. ಉಳಿದ ದುಡ್ಡಿನಲ್ಲಿ ಒಳ್ಳೆಯ ದೀಪ ತಂದುಕೊಳ್ಳಿ.

ಬಿಗಿ ಜಾಸ್ತಿ ಬೇಡ. ನೈಲಾನ್ ಹಿಗ್ಗಿ ಕೂತರೆ ಆಮೇಲೆ ಕಡ್ಡಿಯಿಂದ ತಳ್ಳಿದರೂ ಅಲುಗುವುದಿಲ್ಲ. ಬೆರಳಿನಿಂದ ಒತ್ತಿದಾಗ ಎಳೆ ಸ್ವಲ್ಪ ಸರಿಯಬೇಕು, ಬಿಟ್ಟಾಗ ನಿಲ್ಲಬೇಕು.

ಎಲ್ಲಿ ಅಭ್ಯಾಸ, ಯಾರಿಂದ ಪಾಠ

ಮರದ ದುಂಡು ಕೋಲಿನ ಮೇಲೆ ಅಭ್ಯಾಸ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ನೇಯ್ಗೆಗೆ ಅದು ಸರಿ. ಕ್ರಾಸ್ ರ‍್ಯಾಪ್‌ಗೆ ಮೋಸ. ದುಂಡು ಕೋಲು ಎರಡೂ ಕಡೆ ಒಂದೇ ದಪ್ಪ, ಅಂತರದ ತಲೆನೋವೇ ಅಲ್ಲಿ ಬರುವುದಿಲ್ಲ. ನಿಜವಾದ ಬ್ಲಾಂಕ್ ಹಿಡಿದಾಗ ಕಲಿತದ್ದು ಕೈ ಕೊಡುತ್ತದೆ. ಮುರಿದ ಹಳೆಯ ಗಾಳದ ಕೋಲಿನ ಬುಡ ಸಿಕ್ಕರೆ ಅದೇ ಒಳ್ಳೆಯ ಪಾಠಶಾಲೆ.

ವಿಡಿಯೋ ನೋಡಿ ಕಲಿಯುವವರಿಗೆ ಕೈ ಚಲನೆ ಬೇಗ ಅರ್ಥವಾಗುತ್ತದೆ, ಅದರಲ್ಲೂ ನೇಯ್ಗೆಯಲ್ಲಿ ಎಳೆ ಮಡಚುವ ಬಗೆ. ಬರವಣಿಗೆಯಲ್ಲಿ ಹತ್ತು ಸಾಲು ಓದಿದರೂ ತಿಳಿಯದ್ದು ಅಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ. ಕ್ರಾಸ್ ರ‍್ಯಾಪ್‌ಗೆ ಪುಸ್ತಕವೇ ವಾಸಿ. ಯಾವ ಬಣ್ಣ ಎಷ್ಟು ಎಳೆ, ಯಾವ ಕ್ರಮ ಎಂಬ ಪಟ್ಟಿ ಮುಂದಿಟ್ಟುಕೊಂಡು ಸುತ್ತಬೇಕು, ವಿಡಿಯೋ ನಿಲ್ಲಿಸಿ ಓಡಿಸಿ ಸಾಕಾಗುತ್ತದೆ. ಗೊತ್ತಿರುವ ಒಬ್ಬರು ಪಕ್ಕದಲ್ಲಿ ಕೂತು ಹೇಳಿಕೊಡುವುದಾದರೆ ಅವರಿಂದ ಸುತ್ತುವುದನ್ನಲ್ಲ, ಎಪಾಕ್ಸಿ ಹಚ್ಚುವುದನ್ನು ಕಲಿಯಿರಿ. ಎಷ್ಟು ದಪ್ಪ, ಯಾವಾಗ ಬ್ರಷ್ ನಿಲ್ಲಿಸಬೇಕು ಎನ್ನುವುದು ನೋಡಿದರೆ ಮಾತ್ರ ಗೊತ್ತಾಗುವಂಥದ್ದು.

ಎಪಾಕ್ಸಿ: ಲೈಟ್ ಬಿಲ್ಡಾ, ಹೈ ಬಿಲ್ಡಾ

ಹೈ ಬಿಲ್ಡ್ ದಪ್ಪ, ಒಂದೆರಡು ಕೋಟ್‌ಗೇ ದಾರದ ಉಬ್ಬುತಗ್ಗು ಮುಚ್ಚುತ್ತದೆ. ಲೈಟ್ ಬಿಲ್ಡ್ ತೆಳು, ಹೆಚ್ಚು ಕೋಟ್ ಬೇಕು. ಚಿತ್ತಾರಕ್ಕೆ ಮೊದಲ ಕೋಟ್ ಯಾವಾಗಲೂ ತೆಳು ಇರಲಿ, ನೇಯ್ಗೆಗಂತೂ ಖಂಡಿತ. ಎಳೆಗಳ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ತೆಳು ಎಪಾಕ್ಸಿಯಲ್ಲಿ ಅದು ಗುಳ್ಳೆಯಾಗಿ ಹೊರಗೆ ಬರುತ್ತದೆ, ದಪ್ಪದರಲ್ಲಿ ಅಲ್ಲೇ ಉಳಿಯುತ್ತದೆ. ಮೊದಲ ಕೋಟ್ ಗಟ್ಟಿಯಾದ ಮೇಲೆ ಹೈ ಬಿಲ್ಡ್ ಹಾಕಿ.

ಹಚ್ಚುವ ಮೊದಲು ದಾರದ ಮೇಲೆದ್ದ ನವಿರು ನೂಲುಗಳನ್ನು ಸ್ಪಿರಿಟ್ ದೀಪದ ಜ್ವಾಲೆಯಲ್ಲಿ ಸರ್ರನೆ ಹಾಯಿಸಿ ಸುಡಿ. ಒಂದು ಕ್ಷಣ ನಿಲ್ಲಿಸಿದರೂ ನೈಲಾನ್ ಕರಗುತ್ತದೆ. ಎಪಾಕ್ಸಿಯ ಎರಡು ಭಾಗವನ್ನು ಕಣ್ಣಂದಾಜಿನಲ್ಲಿ ಬೆರೆಸಬೇಡಿ. ಎರಡಕ್ಕೂ ಬೇರೆ ಬೇರೆ ಸಿರಿಂಜ್ ಇಟ್ಟುಕೊಂಡು, ತಯಾರಕರು ಹೇಳಿದ ಅಳತೆಗೇ ಬೆರೆಸಿ. ಅಳತೆ ತಪ್ಪಿದರೆ ವಾರ ಕಳೆದರೂ ಅಂಟಂಟು. ಸಿಲಿಕೋನ್ ಇರುವ ಯಾವುದನ್ನೂ ಹತ್ತಿರ ಸೇರಿಸಬೇಡಿ, ಎಪಾಕ್ಸಿ ಅಲ್ಲಲ್ಲಿ ಹಿಂದೆ ಸರಿದು ಗುಳಿ ಬೀಳುತ್ತದೆ. ಗ್ಲೌಸ್ ಹಾಕಿಕೊಳ್ಳಿ. ಬರಿಗೈಯಲ್ಲಿ ಮತ್ತೆ ಮತ್ತೆ ತಾಗಿದರೆ ಚರ್ಮಕ್ಕೆ ಅಲರ್ಜಿ ಹತ್ತಬಹುದು. ಒಮ್ಮೆ ಹತ್ತಿದರೆ ಆಮೇಲೆ ಸ್ವಲ್ಪ ತಾಗಿದರೂ ತುರಿಕೆ.

ಹಚ್ಚಿದ ಮೇಲೆ ಕೋಲು ನಿಧಾನಕ್ಕೆ, ನಿಲ್ಲದೆ ತಿರುಗುತ್ತಿರಬೇಕು. ಇಲ್ಲದಿದ್ದರೆ ಎಪಾಕ್ಸಿ ಕೆಳಕ್ಕೆ ಇಳಿದು ಹೊಟ್ಟೆ ಬರುತ್ತದೆ. ಮೋಟರ್‌ಗೆ ದುಡ್ಡು ಹಾಕುವುದಾದರೆ ಸುತ್ತುವ ಮೋಟರ್‌ಗಿಂತ ಮೊದಲು ಈ ಒಣಗಿಸುವ ಮೋಟರ್‌ಗೆ ಹಾಕಿ. ಚಿತ್ತಾರವನ್ನು ಹಿಡಿಯ ಮುಂದೆಯೇ ಇಟ್ಟುಕೊಳ್ಳಿ, ಮೇಲಕ್ಕೆ ಏರಿಸಬೇಡಿ. ಬುಡದ ಕಡೆ ಕೋಲು ಬಾಗುವುದು ಕಡಿಮೆ. ಬಾಗುವ ಕಡೆ ಇಷ್ಟು ದಪ್ಪ ಎಪಾಕ್ಸಿ ಕೂರಿಸಿದರೆ ಕೋಲಿಗೆ ಭಾರ, ಮೀನು ಎಳೆದಾಗ ಎಪಾಕ್ಸಿಗೆ ಬಿರುಕು.